ಹುರುಳಿ ಹಾಸಿದ ರಸ್ತೇಲಿ ಡ್ರೈವರ್ ಇಲ್ಲದ ಗಾಡಿ

ಮೊನ್ನೆ ದಾವಣಗೆರೆಯಿಂದ ಜಗಳೂರಿಗೆ ಲೋಡ್ ಇತ್ತು. ಲಗೇಜ್ ಆಟೋದಲ್ಲಿ ಪಕ್ಕಕ್ಕೆ ಕೂತಿದ್ದವನು ಅಕ್ಕನ ಮಗ, ಬೆಂಗಳೂರಲ್ಲಿ ಸಾಫ್ಟ್‌ವೇರ್. "ಮಾವ, ಅಮೆರಿಕದಲ್ಲಿ ನ್ಯೂರೋ ಅನ್ನೋ ಕಂಪನಿ ಒಂದು ಗಾಡಿ ಮಾಡಿತ್ತು. ಸ್ಟೇರಿಂಗೂ ಇಲ್ಲ, ಡ್ರೈವರ್ ಸೀಟೂ ಇಲ್ಲ, ಮನೆ ಬಾಗಿಲಿಗೆ ದಿನಸಿ ತರ್ತಿತ್ತು" ಅಂತ ಶುರು ಮಾಡಿದ. ಸೈಡ್ ಕನ್ನಡಿ ಇಲ್ಲದಿದ್ರೂ ಓಡಿಸಬಹುದು ಅಂತ 2020ರಲ್ಲಿ ಅಲ್ಲಿನ ಸರ್ಕಾರವೇ ವಿನಾಯಿತಿ ಕೊಟ್ಟಿತ್ತು, ಗಂಟೆಗೆ 40 ಕಿಲೋಮೀಟರ್ ಮಿತಿಯಲ್ಲಿ.

ಅಷ್ಟರಲ್ಲಿ ಎದುರಿಗೆ ಹುರುಳಿ. ಅರ್ಧ ರಸ್ತೆಗೆ ಹಾಸಿ ಅಂಚಿಗೆ ಕಲ್ಲು ಇಟ್ಟಿದ್ರು. ಕೋಲಲ್ಲಿ ತಿರುವಿ ಹಾಕ್ತಿದ್ದ ಅಜ್ಜಿ ಪಕ್ಕಕ್ಕೆ ಸರಿದು ಕೈ ಬೀಸಿದ್ರು. ಮೆಲ್ಲಗೆ ಅದರ ಮೇಲೇ ಹಾಯಿಸಿದೆ. ಮುಂದೆ ಹೋಗಿ ಇಳಿದು ಆಕ್ಸೆಲ್‌ಗೆ ಸುತ್ತಿಕೊಂಡಿದ್ದ ಬಳ್ಳಿ ಕಿತ್ತೆ. ಬಿಟ್ರೆ ಬಿಸಿಗೆ ಬೆಂಕಿ ಹತ್ತಬಹುದು. (ರಸ್ತೇಲಿ ಒಕ್ಕಣೆ ತಪ್ಪು, ಒಪ್ತೀನಿ. ಊರಲ್ಲಿ ಕಣ ಎಲ್ಲಿ ಉಳಿದಾವೆ ಅನ್ನೋದು ಬೇರೆ ಜಗಳ.)

"ನಿನ್ನ ಗಾಡಿ ಇಲ್ಲೇನು ಮಾಡ್ತಿತ್ತು?"

"ಅನುಮಾನ ಬಂದ್ರೆ ನಿಲ್ಲುತ್ತೆ ಮಾವ, ಅದೇ ಸೇಫ್."

ಹಿಂದೆ ಮೆಕ್ಕೆಜೋಳದ ಲಾರಿ ಹಾರ್ನ್ ಹೊಡೀತಾ ಬರ್ತಿತ್ತು. ನಿಲ್ಲೋದು ಯಾವಾಗಲೂ ಸೇಫಾ?

2018ರಲ್ಲಿ ಅರಿಜೋನಾದಲ್ಲಿ ಉಬರ್‌ನ ತಾನೇ ಓಡೋ ಪರೀಕ್ಷಾ ಕಾರು, ಸೈಕಲ್ ತಳ್ಕೊಂಡು ರಸ್ತೆ ದಾಟ್ತಿದ್ದ ಹೆಂಗಸಿಗೆ ಗುದ್ದಿ ಅವರು ತೀರಿಕೊಂಡ್ರು. ಕಾರಿಗೆ ಅವರು 5.6 ಸೆಕೆಂಡ್ ಮೊದಲೇ ಕಂಡಿದ್ರು. ಒಮ್ಮೆ ವಾಹನ, ಒಮ್ಮೆ ಇನ್ನೇನೋ, ಒಮ್ಮೆ ಸೈಕಲ್ ಅಂದುಕೊಳ್ತಾ ಕೂತಿತ್ತು ಅದು. ಜೀಬ್ರಾ ಪಟ್ಟೆ ಇಲ್ಲದ ಕಡೆ ಜನ ದಾಟ್ತಾರೆ ಅನ್ನೋದನ್ನೇ ಅದಕ್ಕೆ ಕಲಿಸಿರಲಿಲ್ಲ. ನಮ್ಮ ಕಡೆ ಯಾವುದಾದ್ರೂ ರೈಲ್ವೆ ಗೇಟ್ ತೆಗೆದ ಕೂಡಲೆ ನಿಂತು ನೋಡಿ, ಪಟ್ಟೆ ಹುಡುಕೋರು ಯಾರಾದ್ರೂ ಸಿಗ್ತಾರಾ?

ಕಂಪನಿಗಳು "ಇಷ್ಟು ಲಕ್ಷ ಕಿಲೋಮೀಟರ್ ಓಡಿಸಿದೀವಿ" ಅಂತಾವೆ. ಅಮೆರಿಕದ ರ‍್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆ 2016ರಲ್ಲೇ ಲೆಕ್ಕ ಹಾಕಿತ್ತು: ಸಾವಿನ ವಿಷಯದಲ್ಲಿ ಮನುಷ್ಯರಿಗಿಂತ ಕಡೆಯಲ್ಲ ಅಂತ ಬರೀ ಓಡಿಸಿಯೇ ಸಾಬೀತು ಮಾಡೋಕೆ 27.5 ಕೋಟಿ ಮೈಲಿ ಬೇಕು, ಅದರಲ್ಲಿ ಒಂದೂ ಸಾವಾಗಬಾರದು. ನೂರು ಗಾಡಿ ಹಗಲು ರಾತ್ರಿ ಓಡಿದ್ರೂ ಹನ್ನೆರಡೂವರೆ ವರ್ಷ. ಸಾಫ್ಟ್‌ವೇರ್ ಬದಲಾದ್ರೆ ಹಳೇ ಲೆಕ್ಕವನ್ನ ಎಷ್ಟು ನಂಬೋದು?

ನನಗೆ ಎಂಟು ಹಾಕಿಸಿ ಲೈಸೆನ್ಸ್ ಕೊಟ್ಟಿದ್ದು ಡ್ರೈವಿಂಗ್ ಸ್ಕೂಲಿನವರಲ್ಲ, ಆರ್‌ಟಿಓ ಇನ್‌ಸ್ಪೆಕ್ಟರ್. ಗಾಡಿ ಯಾಕೆ ಸೇಫ್, ಎಲ್ಲಿ ಎಡವುತ್ತೆ ಅಂತ ಕಂಪನಿ ಬರೆದು ಕೊಡಲಿ, ಹೊರಗಿನವರು ಅದನ್ನ ಕೆದಕಲಿ. ಆ ದಾರಿ ಹೇಳೋ, ತಾನೇ ಓಡೋ ಗಾಡಿಗಳ ಸುರಕ್ಷತೆಗೇ ಅಂತ ಮಾಡಿದ ಯುಎಲ್ 4600 ಅನ್ನೋ ಮಾನದಂಡ 2020ರಿಂದಲೇ ಇದೆ. ಹೈದರಾಬಾದಿನ ಐಐಐಟಿಯವರು ನಮ್ಮ ರಸ್ತೆ ಫೋಟೋ ಸೇರಿಸಿ, ಆಟೋಗೇ ಪ್ರತ್ಯೇಕ ಹೆಸರು ಕೊಟ್ಟು, ಇಂಥ ಗಾಡಿಗಳಿಗೆ ಕಲಿಸೋಕೆ ದತ್ತಾಂಶ ಮಾಡಿದಾರೆ, ಭೇಷ್. ಪ್ರಶ್ನೆಪತ್ರಿಕೆಯಲ್ಲಿ ಜಗಳೂರು ರಸ್ತೆಯ ಸುಗ್ಗಿ ಕಾಲವೂ ಇರಲಿ ಅಂತೀನಿ ನಾನು.

ಅಂದಹಾಗೆ, ಅಜ್ಜಿ ಕೈ ಬೀಸಿದ್ದು "ಹಾಯಿಸ್ಕೊಂಡು ಹೋಗಪ್ಪ" ಅಂತ. ನಮ್ಮ ಹುಡುಗ "ಮಾವ, ನಿಲ್ಸು ಅಂತಿದಾರೆ!" ಅಂತ ಕೂಗಿದ್ದ. ಜಗಳೂರಲ್ಲೇ ಹುಟ್ಟಿದೋನು.