ಎಲೆಮರೆ ಕಾಯಿಯ ಬಯೋಡೇಟಾ

ಸೆಪ್ಟೆಂಬರ್ ಬಂತೆಂದರೆ ನಮ್ಮ ಬೀದಿ ತುದಿಯ ಜೆರಾಕ್ಸ್ ಅಂಗಡಿಯವನಿಗೆ ಊಟಕ್ಕೂ ಪುರುಸೊತ್ತಿಲ್ಲ. ಅದು ಪರೀಕ್ಷೆಯ ಕಾಲವಲ್ಲ, ಅಡ್ಮಿಷನ್ ಕಾಲವೂ ಅಲ್ಲ. ಸಾಧಕರ ಕಾಲ. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಸಿಕ್ಕ ಸಮಾಧಾನಕರ ಬಹುಮಾನದ ಸರ್ಟಿಫಿಕೇಟು, ಮಂತ್ರಿಯೊಬ್ಬರ ಹೆಗಲ ಹಿಂದೆ ಅರ್ಧ ಮುಖ ಕಾಣುವ ಫೋಟೋ, ಚರಂಡಿ ಕಟ್ಟಿಕೊಂಡಿದೆ ಎಂದು ಪತ್ರಿಕೆಗೆ ಬರೆದ ಪತ್ರದ ಕಟಿಂಗು. ಎಲ್ಲದಕ್ಕೂ ಮೂರು ಮೂರು ಪ್ರತಿ. ಮೇಲೊಂದು ಸ್ಪೈರಲ್ ಬೈಂಡಿಂಗ್. ನವೆಂಬರ್ ಒಂದಕ್ಕೆ ರಾಜ್ಯೋತ್ಸವ ಪ್ರಶಸ್ತಿ ಅಲ್ವಾ?

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಿದ್ದಳು ನಮ್ಮಜ್ಜಿ. ಈಗ ಆ ಮಾತು ನಡೆಯಲ್ಲ ಎಂದು ಗೊಣಗುವವರಿದ್ದಾರೆ. ನಾನಂತೂ ಒಪ್ಪುವುದಿಲ್ಲ. ನಮ್ಮ ಎದುರುಮನೆ ಯಜಮಾನರನ್ನು ನೋಡಿ. ಬೆಳಿಗ್ಗೆ ಆರೂವರೆಗೆ ಶಾಸಕರ ಮನೆ ಬಾಗಿಲಲ್ಲಿ ಇರುತ್ತಾರೆ. ಲೆಟರ್‌ಹೆಡ್ಡಿನಲ್ಲಿ ಒಂದು ಶಿಫಾರಸು ಪತ್ರ ಬೇಕು. ಪತ್ರದ ಒಕ್ಕಣೆಯನ್ನು ಇವರೇ ಬರೆದು ಒಯ್ದಿರುತ್ತಾರೆ, ಶಾಸಕರಿಗೆ ಯಾಕೆ ಸುಮ್ನೆ ತೊಂದರೆ. ಹತ್ತಕ್ಕೆ ಮಠ. ಮಧ್ಯಾಹ್ನ ಜಾತಿ ಸಂಘದ ಅಧ್ಯಕ್ಷರು. ರಾತ್ರಿ ಬಸ್ಸಿಗೆ ಬೆಂಗಳೂರು, ಬೆಳಿಗ್ಗೆ ಜೆ.ಸಿ. ರಸ್ತೆಯ ಕನ್ನಡ ಭವನದ ಮೆಟ್ಟಿಲು. ಕಳೆದ ಆರು ವರ್ಷಗಳಿಂದ ಇದೇ ದಿನಚರಿ. "ನೌಕರಿಯಲ್ಲಿದ್ದಾಗ ಇದರಲ್ಲಿ ಕಾಲುಭಾಗ ದುಡಿದಿದ್ದರೆ ಪ್ರಶಸ್ತಿ ಹುಡುಕಿಕೊಂಡು ಮನೆಗೇ ಬರ್ತಿತ್ತು" ಎಂದು ಅವರ ಮನೆಯವರು ಹೇಳುತ್ತಾರೆ. ಆ ಅಮ್ಮನಿಗೆ ಕಾಲ ಬದಲಾಗಿರುವುದು ಗೊತ್ತಿಲ್ಲ, ಪಾಪ.

ಶ್ರಮಕ್ಕೆ ಫಲ ಖಂಡಿತ ಇದೆ. ಯಾವ ಶ್ರಮಕ್ಕೆ ಅನ್ನುವುದಷ್ಟೇ ಪ್ರಶ್ನೆ.

ಈ ಪ್ರಶಸ್ತಿ ಶುರುವಾದದ್ದು 1966ರಲ್ಲಿ. ಈಗ ಐದು ಲಕ್ಷ ರೂಪಾಯಿ ನಗದು, 25 ಗ್ರಾಂ ಚಿನ್ನದ ಪದಕ. ಚಿನ್ನದ ದರ ನೋಡಿದರೆ ಸಾಧನೆಗಿಂತ ಪದಕವೇ ಜಾಸ್ತಿ ಬೆಳೆಯುತ್ತಿದೆ. ಇನ್ನು ಸಾಧಕರ ಸಂಖ್ಯೆ. 2023ರಲ್ಲಿ 68 ಜನ. 2024ರಲ್ಲಿ 69. 2025ರಲ್ಲಿ 70. ಎಷ್ಟನೇ ರಾಜ್ಯೋತ್ಸವವೋ ಅಷ್ಟು ಮಂದಿ. ರಾಗಿ ಬೆಳೆ ಒಂದು ವರ್ಷ ಬರುತ್ತದೆ, ಒಂದು ವರ್ಷ ಕೈಕೊಡುತ್ತದೆ. ನಾಡಿನ ಸಾಧನೆ ಮಾತ್ರ ಮಳೆ ಬರಲಿ ಬಿಡಲಿ, ವರ್ಷಕ್ಕೆ ಸರಿಯಾಗಿ ಒಂದು ತಲೆ ಏರುತ್ತದೆ. ಇಷ್ಟು ಲೆಕ್ಕಾಚಾರದ ಬೆಳೆಯನ್ನು ಯಾವ ಕೃಷಿ ವಿಶ್ವವಿದ್ಯಾಲಯವೂ ತೆಗೆದಿಲ್ಲ. ಎದುರುಮನೆ ಯಜಮಾನರು ಕ್ಯಾಲೆಂಡರ್ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಂಡಿದ್ದಾರೆ: 2055ಕ್ಕೆ ನೂರು ಜನ. "ಅಷ್ಟರಲ್ಲಿ ನನ್ನ ಪಾಳಿ ಬರಲೇಬೇಕಲ್ಲ" ಅನ್ನುತ್ತಾರೆ. ಅವರಿಗೀಗ ಎಪ್ಪತ್ತೊಂದು.

ನಡುವೆ ಸರ್ಕಾರ ಸೇವಾ ಸಿಂಧು ಪೋರ್ಟಲ್ ತೆರೆದು, ಸಾರ್ವಜನಿಕರೇ ಸಾಧಕರ ಹೆಸರು ಸೂಚಿಸಲಿ ಎಂದಿತು. ಒಳ್ಳೆಯ ಆಲೋಚನೆ. ಯಜಮಾನರ ಹೆಸರನ್ನು ಸಾರ್ವಜನಿಕರು ತಕ್ಷಣ ಸೂಚಿಸಿದರು. ಆ ಸಾರ್ವಜನಿಕರು ಅವರ ಭಾವಮೈದುನ. ಓಟಿಪಿ ಬಂದದ್ದು ಇವರ ಫೋನಿಗೇ. ಪದ್ಮ ಪ್ರಶಸ್ತಿಯವರು ಇಷ್ಟೆಲ್ಲ ಸುತ್ತಾಡಿಸುವುದಿಲ್ಲ. ನಿಮ್ಮ ಹೆಸರನ್ನು ನೀವೇ ಕಳಿಸಬಹುದು ಎಂದು ನೇರವಾಗಿಯೇ ಹೇಳಿಬಿಟ್ಟಿದ್ದಾರೆ. ಆದರೆ ಅಲ್ಲಿ ಇನ್ನೊಂದು ತೊಡಕು. ಪದ್ಮ ಪ್ರಶಸ್ತಿಯನ್ನು ಹೆಸರಿನ ಹಿಂದೆ ಮುಂದೆ ಬಿರುದಿನ ಹಾಗೆ ಹಾಕಿಕೊಳ್ಳುವಂತಿಲ್ಲ ಎಂದು 1995ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರಿನ ಮುಂದೆ ಹಾಕಿಕೊಳ್ಳಲಾಗದ ಪ್ರಶಸ್ತಿ ಇದ್ದೇನು, ಬಿಟ್ಟೇನು? ನಮ್ಮ ಆಮಂತ್ರಣ ಪತ್ರಿಕೆ ಅಚ್ಚು ಮಾಡುವವರು ಈ ತೀರ್ಪನ್ನು ಇನ್ನೂ ಓದಿಲ್ಲ, ಅದೇ ಪುಣ್ಯ.

ಹರೇಕಳ ಹಾಜಬ್ಬರ ಕಥೆ ನಿಮಗೆ ಗೊತ್ತಿರುತ್ತದೆ. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರಿ, ಆ ಚಿಲ್ಲರೆಯಲ್ಲಿ ತಮ್ಮೂರಿಗೆ ಒಂದು ಶಾಲೆ ತಂದವರು. 2020ರಲ್ಲಿ ಪದ್ಮಶ್ರೀ ಸುದ್ದಿ ತಲುಪಿದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಇದನ್ನು ಹೇಳಿದರೆ ಯಜಮಾನರಿಗೆ ಸಿಟ್ಟು ಬರುತ್ತದೆ. "ರೀ, ನಾನೂ ಸಾಲಲ್ಲೇ ನಿಂತಿದೀನಿ ಕಣ್ರೀ, ಆರು ವರ್ಷದಿಂದ!" ಅವರು ಹೇಳುವುದೂ ಸುಳ್ಳಲ್ಲ.

ಸರ್ಕಾರದ ಸಾಲು ಉದ್ದ ಎನಿಸಿದವರಿಗೆ ಖಾಸಗಿ ದಾರಿ ಉಂಟು. ಮೊನ್ನೆ ನನಗೇ ಒಂದು ವಾಟ್ಸಾಪ್ ಬಂತು. ಮೂರು ಹೂಗುಚ್ಛ, ಎರಡು ಕೈಮುಗಿಯುವ ಚಿತ್ರ, ಜೊತೆಗೆ "ಅಭಿನಂದನೆಗಳು, ತಾವು ಗೌರವ ಡಾಕ್ಟರೇಟಿಗೆ ಆಯ್ಕೆಯಾಗಿದ್ದೀರಿ." ಕೊಟ್ಟ ನಂಬರಿಗೆ ಫೋನ್ ಮಾಡಿದೆ.

"ಸಾರ್, ನಿಮ್ಮ ಕ್ಷೇತ್ರ ಯಾವುದು?" ಅಂದರು.

ಆಯ್ಕೆ ಮಾಡಿದವರು ನೀವಲ್ವಾ ಅಂದೆ.

"ಆಯ್ಕೆ ಆಗಿದೆ ಸಾರ್. ಕ್ಷೇತ್ರ ಮಾತ್ರ ಬಾಕಿ ಇದೆ."

ನಾನು ಹೇಳಿಕೊಳ್ಳುವಂಥದ್ದು ಏನೂ ಮಾಡಿಲ್ಲ ಅಂದೆ. ಆ ಕಡೆ ಒಂದು ಕ್ಷಣ ಮೌನ. "ಹಾಗಾದ್ರೆ ಸಮಾಜ ಸೇವೆ ಅಂತ ಹಾಕ್ತೀವಿ ಸಾರ್."

ನೋಂದಣಿ ಶುಲ್ಕ ಹದಿನೈದು ಸಾವಿರ. ಟೋಪಿ, ಗೌನು ಬಾಡಿಗೆ ಅದರಲ್ಲೇ ಸೇರಿದೆ. ಮೈಸೂರು ಪೇಟ ಬೇಕೆಂದರೆ ಐನೂರು ಎಕ್ಸ್‌ಟ್ರಾ. ಮನೆಯವರು ಬಂದರೆ ಊಟದ ಕೂಪನ್ ಬೇರೆ ತಗೋಬೇಕು. ಫೋಟೋ ತೆಗೆಯುವಾಗ ವೇದಿಕೆ ಮೇಲಿರುವ ಗಣ್ಯರು ನಗಬೇಕೆಂದರೆ ಎಷ್ಟು ಎಂದು ಕೇಳಲು ಮರೆತೆ.

ಹೀಗೆ ಸಿಕ್ಕ ಡಾಕ್ಟರೇಟಿಗೆ ನಮ್ಮಲ್ಲಿ ಗೌ.ಡಾ. ಅನ್ನುತ್ತಾರೆ. ಎಲ್ಲ ಜಾತಿಯವರೂ ಗೌಡರಾಗಬಹುದಾದ ಏಕೈಕ ಮಾರ್ಗ. ಹೋಟೆಲ್ ಹಾಲ್‌ನಲ್ಲಿ ಬೆಳಿಗ್ಗೆ ಕಾರ್ಯಕ್ರಮ, ಸಂಜೆ ಅದೇ ಹಾಲ್‌ನಲ್ಲಿ ಯಾರದೋ ರಿಸೆಪ್ಷನ್ನು. 2020ರಲ್ಲಿ ಮೈಸೂರಿನ ಹೋಟೆಲೊಂದರಲ್ಲಿ ಇಂಥ ಘಟಿಕೋತ್ಸವ ನಡೆಯುವಾಗ ಪೊಲೀಸರೇ ಅತಿಥಿಗಳಾಗಿ ಬಂದುಬಿಟ್ಟಿದ್ದರು. ಆದರೂ ಹೆದರಬೇಕಾಗಿಲ್ಲ. ಕಾನೂನು ನಮ್ಮ ಕಡೆ ಮೃದುವಾಗಿದೆ. ಕಾಯ್ದೆಯ ಬಲದಿಂದ ಅಧಿಕಾರ ಪಡೆದ ವಿಶ್ವವಿದ್ಯಾಲಯ, ಸಂಸ್ಥೆಗಳನ್ನು ಬಿಟ್ಟು ಬೇರೆಯವರು ಪದವಿ ಕೊಡುವಂತಿಲ್ಲ ಎನ್ನುತ್ತದೆ 1956ರ ಯುಜಿಸಿ ಕಾಯ್ದೆ. ಕೊಟ್ಟರೆ? ಅದೇ ಕಾಯ್ದೆಯ 24ನೇ ಸೆಕ್ಷನ್ ನೋಡಿ. ಗರಿಷ್ಠ ಒಂದು ಸಾವಿರ ರೂಪಾಯಿ ದಂಡ. ಗರಿಷ್ಠ! 1956ರಲ್ಲಿ ಅದು ದೊಡ್ಡ ಮೊತ್ತವೇ ಇರಬೇಕು. ಈಗ ಇಬ್ಬರು ಗೌರವ ಡಾಕ್ಟರುಗಳ ಹಾರ, ಶಾಲು, ಹಣ್ಣಿನ ಬುಟ್ಟಿಯ ಖರ್ಚು ಅದಕ್ಕಿಂತ ಜಾಸ್ತಿ ಆಗುತ್ತದೆ.

ಹಾರದ ಮಾತು ಬಂತು ಅಂತ ನೆನಪಾಯಿತು. 2021ರ ಆಗಸ್ಟ್‌ನಲ್ಲಿ ಸರ್ಕಾರಿ ಕಾರ್ಯಕ್ರಮಗಳಲ್ಲಿ ಹಾರ, ತುರಾಯಿ, ಶಾಲು, ಹಣ್ಣಿನ ಬುಟ್ಟಿ ಬೇಡ, ಕೊಡುವುದಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶವಾಗಿತ್ತು. ಪುಸ್ತಕವನ್ನು ಕೊರಳಿಗೆ ಹಾಕಲು ಬರುವುದಿಲ್ಲ. ಹೊದಿಸಲೂ ಆಗದು. ಫೋಟೋದಲ್ಲಿ ಕಾಣುವುದೂ ಅಷ್ಟಕ್ಕಷ್ಟೆ. ಹಾರ ವಾಪಸ್ ಬಂದದ್ದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ.

ನಾನು ಹದಿನೈದು ಸಾವಿರ ಕಟ್ಟಲಿಲ್ಲ. ನೈತಿಕತೆ ಏನಲ್ಲ, ಆ ತಿಂಗಳು ಮಗಳ ಕಾಲೇಜು ಫೀಸಿತ್ತು. ನಂಬರನ್ನು ಎದುರುಮನೆ ಯಜಮಾನರಿಗೆ ಕೊಟ್ಟೆ. ಹದಿನೈದೇ ದಿನಕ್ಕೆ ಅವರು ಡಾಕ್ಟರಾದರು. ಕ್ಷೇತ್ರ: ಸಮಾಜ ಸೇವೆ. ಬೀದಿ ತುದಿಯಲ್ಲಿ ಫ್ಲೆಕ್ಸ್ ನಿಂತಿತು. ಅದರಲ್ಲಿ ಅಭಿನಂದಿಸುವವರ ಮೂವತ್ತು ಮುಖಗಳಿದ್ದವು, ಒಂದು ನನ್ನದು. ನನಗೆ ಗೊತ್ತಾದದ್ದೇ ಅದನ್ನು ನೋಡಿದ ಮೇಲೆ.

ಗೇಟಿನ ಕಲ್ಲಿನ ನಾಮಫಲಕ ಹಳೆಯದು. ಹೆಸರಿನ ಹಿಂದೆ ಮುಂದೆ ಜಾಗ ಬಿಟ್ಟಿರಲಿಲ್ಲ. ಬೋರ್ಡ್ ಬರೆಯುವ ಹುಡುಗ ಉರಿಬಿಸಿಲಲ್ಲಿ ಎರಡು ಗಂಟೆ ಕುಕ್ಕರಗಾಲಲ್ಲಿ ಕೂತು, ಚುಕ್ಕಿ ಸಮೇತ ಒಂದು ಪುಟ್ಟ 'ಡಾ.' ಅನ್ನು ಅಂಚಿಗೆ ಅಂಟಿಸಿದ ಹಾಗೆ ಬರೆದ. ಚೆನ್ನಾಗಿಯೇ ಬಂದಿದೆ. ಇನ್ನೂರೈವತ್ತು ರೂಪಾಯಿ ಕೇಳಿದನಂತೆ.

ನಾಳೆ ಬಾ ಅಂದಿದ್ದಾರೆ. ನಿನ್ನೆಯೂ ಬಂದಿದ್ದ.