ಇಪ್ಪತ್ತೊಂಬತ್ತಾದ ಮೇಲೆ

35 ವರ್ಷ ಕಂಡವರ ಮಕ್ಕಳಿಗೆಲ್ಲ ಗಣಿತ ಕಲಿಸಿದವನು ನಾನು. ಹೀಗಾಗಿ ಮಗಳು ಫೋನ್ ಮಾಡಿ, “ಶಾಲೆಗೆ ರಜೆ ಬಂತು, ಇಬ್ಬರನ್ನೂ ಇಪ್ಪತ್ತು ದಿನ ನಿಮ್ಮಲ್ಲಿಗೆ ಕಳುಹಿಸಲೇ? ನಿಭಾಯಿಸುತ್ತೀರಾ?” ಎಂದು ಕೇಳಿದಾಗ ನಗು ಬಂತು. ತರಗತಿಯಲ್ಲಿ 60 ಮಕ್ಕಳನ್ನು ಕಣ್ಸನ್ನೆಯಲ್ಲಿ ಕೂರಿಸಿದವನಿಗೆ ಇಬ್ಬರು ಯಾವ ಲೆಕ್ಕ? ಅರವತ್ತನ್ನು ಎರಡರಿಂದ ಭಾಗಿಸಿ, ಮೂವತ್ತು ಪಾಲು ಸುಲಭ ಎಂದು ತೀರ್ಮಾನಿಸಿದೆ. ಆ ಅರವತ್ತೂ ಮಕ್ಕಳು ಗಂಟೆ ಬಾರಿಸಿದೊಡನೆ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿಯಲು ಮರೆತಿದ್ದೆ.

ಮೇಷ್ಟ್ರ ಚಾಳಿ ಬಿಡುತ್ತದೆಯೇ? ವೇಳಾಪಟ್ಟಿ ಬರೆದೆ. ಆರಕ್ಕೆ ಏಳುವುದು, ಏಳಕ್ಕೆ ವ್ಯಾಯಾಮ, ಒಂಬತ್ತಕ್ಕೆ ಓದು, ಮಧ್ಯಾಹ್ನ ಎರಡರಿಂದ ನಾಲ್ಕು ಕಡ್ಡಾಯ ವಿಶ್ರಾಂತಿ. ಕೊನೆಯದು ಮಕ್ಕಳ ಹಿತಕ್ಕೆ ಎಂದು ಎಲ್ಲರೆದುರು ಹೇಳಿದೆ. ನಾಲ್ಕು ಬಣ್ಣದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಮರುದಿನ ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷವಿರುವಾಗ ಯಾರೋ ನನ್ನ ಎಡಗಣ್ಣಿನ ರೆಪ್ಪೆ ಎತ್ತಿದರು. ಒದ್ದೆ ಬೆರಳು. ರೆಪ್ಪೆಯ ಆಚೆ ಒಂದು ದೊಡ್ಡ ಮೂಗು. “ಅಜ್ಜಾ, ಒಳಗೆ ಇದ್ದೀಯಾ?” ಎಂದ ಚಿಕ್ಕವನು. ಸಂಜೆಯ ಹೊತ್ತಿಗೆ ವೇಳಾಪಟ್ಟಿ ಮಗುಚಿ, ಹಿಂಬದಿಯಲ್ಲಿ ನನ್ನ ಚಿತ್ರವಾಗಿತ್ತು. ಮೈಯೊಂದು ಕಡೆ, ಹಲ್ಲಿನ ಸಾಲು ಬೇರೊಂದು ಕಡೆ.

ಆ ಹಲ್ಲಿನ ವಿಷಯ ಹೇಳಲೇಬೇಕು. ದೊಡ್ಡವಳಿಗೆ ಏಳು ವರ್ಷ. ಕೆಳಗಿನ ಮುಂದಿನ ಎರಡು ಹಲ್ಲು ಆಗಲೇ ಬಿದ್ದಿದ್ದವು; ಮೇಲಿನದೊಂದು ನಾಲಿಗೆ ತಾಗಿದರೆ ಬಾಗಿಲಿನ ಹಾಗೆ ತೂಗುತ್ತಿತ್ತು. ಅವಳು ಹೆದರದಿರಲಿ ಎಂದು ಅದನ್ನೇ ಪಾಠ ಮಾಡಿದೆ. ಹಾಲುಹಲ್ಲು ಒಟ್ಟು 20, ಎರಡು ಹೋದರೆ 18, ಎಲ್ಲ ಉದುರಿ ಹೊಸವು ಬಂದು, ದೊಡ್ಡವರಾದ ಮೇಲೆ 32. ಅವಳು ಸುಮ್ಮನೆ ಕೇಳಿ, “ನಿನ್ನ ಹತ್ತಿರ 32 ಇವೆಯಾ? ತೋರಿಸು” ಎಂದಳು. ವಿದ್ಯಾರ್ಥಿ ಪ್ರಶ್ನೆ ಕೇಳಬೇಕು ಎಂದು ಜೀವಮಾನವಿಡೀ ಬೋಧಿಸಿದ ತಪ್ಪಿಗೆ, ಮೇಲಿನ 14 ಹಲ್ಲಿನ ಕಟ್ಟನ್ನು ತೆಗೆದು ಅಂಗೈಯಲ್ಲಿ ಹಿಡಿಯಬೇಕಾಯಿತು. ಇಬ್ಬರೂ ಹಾಗೆ ಉಸಿರು ಬಿಗಿಹಿಡಿದು ನನ್ನನ್ನು ನೋಡಿದ್ದು ಅದೇ ಮೊದಲು.

ಮೂರನೆಯ ದಿನ ಬೆಳಿಗ್ಗೆ ಎದ್ದು ಬಚ್ಚಲಮನೆಯ ಕಡೆ ಹೋದರೆ ಬಾಗಿಲಲ್ಲಿ ಸರದಿ. ಪಕ್ಕದ ಮನೆಗಳ ನಾಲ್ಕು ಮಕ್ಕಳು ಒಬ್ಬರ ಹಿಂದೆ ಒಬ್ಬರು ನಿಂತಿದ್ದಾರೆ. ಒಳಗೆ ನನ್ನ ಹಲ್ಲಿನ ಲೋಟಕ್ಕೆ ಚಿಕ್ಕವನು ಟಾರ್ಚ್ ಹಿಡಿದು ವಿವರಣೆ ಕೊಡುತ್ತಿದ್ದಾನೆ. “ಮುಟ್ಟಬಾರದು. ಅಜ್ಜನಿಗೆ ಮೂರನೇ ಸಲ ಬಂದಿರುವ ಹಲ್ಲು ಇದು. ರಾತ್ರಿ ಈಜುತ್ತದೆ.” ಗದರೋಣವೆಂದರೆ ಗದರುವ ಸಾಧನವೇ ಲೋಟದಲ್ಲಿದೆ. ಹಲ್ಲಿಲ್ಲದ ಬಾಯಲ್ಲಿ “ಸುಮ್ಮನಿರಿ” ಎನ್ನುವುದು “ಹುಮ್ಮನಿರಿ” ಆಗುತ್ತದೆ. ಹಾಗೆಂದದ್ದಕ್ಕೆ ಆರೂ ಮಕ್ಕಳು ಚಪ್ಪಾಳೆ ತಟ್ಟಿದರು.

ದೊಡ್ಡವಳಿಗೆ ಆಗ ಆಕ್ಟೋಪಸ್ ಹುಚ್ಚು. ಕೈಯಲ್ಲಿ ಸದಾ ಒಂದು ಚಿತ್ರಪುಸ್ತಕ, ಬಾಯಲ್ಲಿ ಸದಾ ಒಂದು ಪರೀಕ್ಷೆ. ಅದಕ್ಕೆ ಹೃದಯ ಎಷ್ಟು ಎಂದಳು. ಒಂದು ಎಂದೆ. ಅನುತ್ತೀರ್ಣನಾದೆ. ಮೂರಂತೆ. ಎರಡು ಕಿವಿರುಗಳಿಗೆ ರಕ್ತ ತಳ್ಳುವುದಕ್ಕೆ, ಮೂರನೆಯದು ಉಳಿದ ಮೈಗೆ. ಈಜುವಾಗ ಆ ಮೂರನೆಯದು ಬಡಿಯುವುದನ್ನು ನಿಲ್ಲಿಸುತ್ತದಂತೆ. ಬೇಗ ಸುಸ್ತಾಗುವುದರಿಂದ ಅದಕ್ಕೆ ತೆವಳುವುದೇ ಹೆಚ್ಚು ಇಷ್ಟವಂತೆ. ಇಷ್ಟು ದಿನ ಎಲ್ಲಿದ್ದೆಯಪ್ಪಾ, ನನ್ನ ಬಂಧುವೇ ಎಂದುಕೊಂಡೆ. ಮೈಯಲ್ಲಿ ಮೂಳೆಯೇ ಇಲ್ಲದ್ದರಿಂದ ತನ್ನ ಗಟ್ಟಿ ಕೊಕ್ಕು ಹಿಡಿಸುವಷ್ಟು ಸಂದು ಸಿಕ್ಕಿದರೂ ಇಡೀ ದೇಹವನ್ನು ತೂರಿಸುತ್ತದೆ ಎಂದೂ ಹೇಳಿದಳು. ಇದನ್ನು ಕೇಳಿಸಿಕೊಂಡು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು.

ಇತ್ತ ಚಿಕ್ಕವನ ಎಣಿಕೆಯದು ಇನ್ನೊಂದು ಕಥೆ. ಐದು ತುಂಬಲು ಇನ್ನೂ ಎರಡು ತಿಂಗಳಿದೆ. ಹನ್ನೊಂದು, ಹನ್ನೆರಡು ಆದ ಮೇಲೆ “ಹನ್ಮೂರು” ಎನ್ನುತ್ತಿದ್ದ. ಹದಿಮೂರು ಎಂದು ತಿದ್ದಿದರೆ, “ಹನ್ ಎಲ್ಲಿ ಹೋಯಿತು?” ಎಂದು ಕೇಳಿದ. 35 ವರ್ಷದ ಸೇವೆಯಲ್ಲಿ ಯಾವ ಮಗುವೂ ಕೇಳದ ಪ್ರಶ್ನೆ. ಕೆಮ್ಮಿ ಮುಂದಕ್ಕೆ ಹೋದೆ. ಮುಂದಿನ ಗಂಡಾಂತರ ಇಪ್ಪತ್ತೊಂಬತ್ತರಲ್ಲಿ. ಅದಾದ ಮೇಲೆ ಅವನ ಪ್ರಕಾರ “ಇಪ್ಪತ್ತಹತ್ತು”. ನ್ಯಾಯವಾಗಿ ನೋಡಿದರೆ ಅವನ ತರ್ಕದಲ್ಲಿ ದೋಷವಿಲ್ಲ. ಬೆಂಕಿಕಡ್ಡಿಗಳನ್ನು ಹತ್ತು ಹತ್ತು ಕಟ್ಟು ಕಟ್ಟಿ ತೋರಿಸಿದೆ, ಮೂರು ಕಟ್ಟು ಸೇರಿದರೆ ಏನಾಗುತ್ತದೆ ಎಂದು ಕೇಳಿದೆ. “ಮನೆ” ಎಂದು ಹೇಳಿ, ಕಟ್ಟು ಬಿಚ್ಚಿ ಮನೆ ಕಟ್ಟಿದ. ಕೊನೆಗೆ ತಾಳ್ಮೆ ತಪ್ಪಿ, “ಇಪ್ಪತ್ತಹತ್ತು ಅಂತ ಒಂದು ಸಂಖ್ಯೆಯೇ ಇಲ್ಲ, ಇನ್ನೊಮ್ಮೆ ಹೇಳಬೇಡ” ಎಂದುಬಿಟ್ಟೆ. ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸುವ ಹುಡುಗ ಅವನು, ನನಗೆ ಬೇಡದ ಹೊತ್ತಿನಲ್ಲಿ.

ಹನ್ನೆರಡನೆಯ ದಿನ ಮಧ್ಯಾಹ್ನ ಕಣ್ಣಾಮುಚ್ಚಾಲೆ. ಚಿಕ್ಕವನು ಗೋಡೆಗೆ ಮುಖ ಒತ್ತಿ ಎಣಿಸುವುದು, ನಾವು ಅಡಗುವುದು. ನೂರರವರೆಗೆ ಎಣಿಸಬೇಕು ಎಂದು ನಿಯಮ ಮಾಡಿದವನು ನಾನೇ. ಎಲ್ಲಿ ಅಡಗುವುದಕ್ಕೂ ಮೊದಲು ಬಗ್ಗಬೇಕಲ್ಲ, ನನಗೆ ಅದಕ್ಕೇ ಅರವತ್ತು ಬೇಕು. ಆಕ್ಟೋಪಸ್ಸಿನ ಪ್ರೇರಣೆಯಿಂದ ಮಂಚದ ಕೆಳಕ್ಕೆ ತೂರಿದೆ. ಹುಟ್ಟುವಾಗ ಸುಮಾರು 300 ಇರುವ ಮೂಳೆಗಳು ಬೆಳೆಯುತ್ತ ಒಂದಕ್ಕೊಂದು ಬೆಸೆದುಕೊಂಡು 206 ಆಗುತ್ತವೆ. ಅಷ್ಟೂ ಒಂದೊಂದಾಗಿ ತಮ್ಮ ಹಾಜರಿ ಹೇಳಿದವು. ಹೇಗೋ ಒಳಗೆ ಸೇರಿ ಅಂಗಾತ ಮಲಗಿದೆ. ಮೂಗಿಗೂ ಮಂಚದ ಹಲಗೆಗೂ ನಾಲ್ಕು ಬೆರಳಿನ ಅಂತರ.

“ಇಪ್ಪತ್ತೆಂಟು, ಇಪ್ಪತ್ತೊಂಬತ್ತು...” ಎಂದ ಹೊರಗಿನಿಂದ. ನಿಂತ. ಯೋಚಿಸಿದ. ಅಜ್ಜ ಬೇಡವೆಂದ ಮೇಲೆ ಬೇಡ. “ಇಪ್ಪತ್ತೊಂದು, ಇಪ್ಪತ್ತೆರಡು...” ಎಂದು ಮತ್ತೆ ಹೊರಟ.

ಮೂರನೇ ಸುತ್ತಿನಲ್ಲಿ ನನಗೆ ಹೊಳೆಯಿತು, ಈ ಶ್ರೇಣಿಗೆ ಕೊನೆಯಿಲ್ಲ. ಕೂಗಿ ಹೇಳೋಣವೆಂದರೆ ಸಿಕ್ಕಿಬೀಳುತ್ತೇನೆ. ಸಿಕ್ಕಿಬಿದ್ದರೆ ಮುಂದಿನ ಸರದಿ ಎಣಿಸುವುದು ನಾನು, ಅದೇನು ಕಷ್ಟವಲ್ಲ; ಆದರೆ ಮೊಮ್ಮಗನೆದುರು ಸೋಲು ಸೋಲೇ. ಸುಮ್ಮನೆ ಆಚೀಚೆ ಕಣ್ಣಾಡಿಸಿದೆ. ಮಂಚದ ಕೆಳಗೂ ಒಂದು ಲೋಕವಿದೆ. ಒಂಟಿ ಕಾಲುಚೀಲ, ಪೆನ್ನಿನ ಮುಚ್ಚಳ, ಜೇಡ ಖಾಲಿಮಾಡಿ ಹೋದ ಮನೆ, ಅದರ ಪಕ್ಕದಲ್ಲಿ ಟಿವಿ ರಿಮೋಟಿನ ಬ್ಯಾಟರಿ ಮುಚ್ಚಳ. ಎರಡು ತಿಂಗಳ ಹಿಂದೆ ಅದು ಕಾಣೆಯಾದಾಗ, ಕಸದ ಜೊತೆ ಗುಡಿಸಿ ಎಸೆದಿದ್ದೀಯ ಎಂದು ಹೆಂಡತಿಯ ಮೇಲೆ ಕೂಗಾಡಿದ್ದೆ. ಅದನ್ನು ಸದ್ದಿಲ್ಲದೆ ಜೇಬಿಗೆ ಸೇರಿಸುವ ಯೋಚನೆ ಮಾಡಿದೆ. ಕೈ ಜೇಬಿನವರೆಗೆ ಮಡಚಲಿಲ್ಲ.

ಯಾವಾಗಲೋ ಎಣಿಕೆ ನಿಂತಿತ್ತು. ಹುಡುಕಲು ಹೊರಟನೆಂದು ಉಸಿರು ಹಿಡಿದೆ. ಪಕ್ಕದ ಕೋಣೆಯಲ್ಲಿ ಟಿವಿ ಹಾಡತೊಡಗಿತು. ಅಕ್ಕ ತಮ್ಮ ಇಬ್ಬರೂ ನಗುವುದು ಕೇಳಿಸಿತು. ಆಟ ಮುಗಿದದ್ದನ್ನು ಯಾರೂ ನನಗೆ ತಿಳಿಸಿರಲಿಲ್ಲ. ಹೊರಗೆ ಬರಲು ನೋಡಿದರೆ, ಒಳಗೆ ಬರುವಾಗ ಹೊಂದಿಕೊಂಡ ಸೊಂಟ ಈಗ ಒಪ್ಪಲಿಲ್ಲ. ಒಳ್ಳೆಯ ಸಮಯಕ್ಕಾಗಿ ಕಾಯುತ್ತ ಕಣ್ಣು ಮುಚ್ಚಿದೆ. ಅಂತೂ ವೇಳಾಪಟ್ಟಿಯ ಎರಡರಿಂದ ನಾಲ್ಕು ಅಂದು ಮಾತ್ರ ಜಾರಿಗೆ ಬಂತು.

ಎಚ್ಚರವಾದದ್ದು ಪೊರಕೆಯ ತುದಿ ಮೂಗಿಗೆ ಹೊಕ್ಕಾಗ. ನಾನು ಸೀನಿದೆ. ಹೆಂಡತಿ ಕಿರುಚಿದಳು. ಆಮೇಲೆ ಬಗ್ಗಿ ನೋಡಿ, ಗಾಬರಿಯಾಗಲಿ ಕನಿಕರವಾಗಲಿ ಇಲ್ಲದ ದನಿಯಲ್ಲಿ, “ಮೇಲೆ ಜಾಗವಿರಲಿಲ್ಲವೇ?” ಎಂದಳು. ಮಕ್ಕಳಿಬ್ಬರೂ ಓಡಿಬಂದು ಒಂದೊಂದು ಕಾಲು ಹಿಡಿದು ಎಳೆದರು. “ತೆವಳು ಅಜ್ಜಾ, ಈಜಬೇಡ, ಹೃದಯ ನಿಲ್ಲುತ್ತದೆ” ಎಂದು ದೊಡ್ಡವಳ ಮಾರ್ಗದರ್ಶನ. ಧೂಳು ಮೆತ್ತಿಕೊಂಡು ಹೊರಬಿದ್ದಾಗ ಬಲಗೈ ಮುಷ್ಟಿ ಬಿಗಿಯಾಗಿತ್ತು. “ಅದೇನು?” ಎಂದಳು ಇವಳು. ಬಿಚ್ಚಿ ತೋರಿಸಿದೆ. ಅವಳು ಒಂದೂ ಮಾತಾಡದೆ ಮುಚ್ಚಳವನ್ನು ತೆಗೆದುಕೊಂಡು ಹೋಗಿ, ಫ್ರಿಜ್ಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಈಗಲೂ ಅದು ಅಲ್ಲೇ ಇದೆ. ರಿಮೋಟಿಗೆ ಹಾಕಲು ಬಿಡುತ್ತಿಲ್ಲ.

ಉಳಿದ ದಿನಗಳು ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕಳೆದವು. ದೊಡ್ಡವಳ ಹಲ್ಲು ಬಿತ್ತು. ಅದನ್ನು ನನ್ನ ಲೋಟದಲ್ಲಿ ‘ಜೊತೆಗಿರಲಿ’ ಎಂದು ಹಾಕಿದ್ದಳು, ಪುಣ್ಯಕ್ಕೆ ನೋಡಿ ತೆಗೆದೆ. ಇಪ್ಪತ್ತನೆಯ ದಿನ ಮಗಳು ಬಂದು ಕರೆದುಕೊಂಡು ಹೋದಳು. ಅಂದು ರಾತ್ರಿ ಒಂಬತ್ತಕ್ಕೇ ಮಲಗಿದೆ. ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷವಿರುವಾಗ, ಯಾರೂ ರೆಪ್ಪೆ ಎತ್ತದಿದ್ದರೂ, ತಾನಾಗಿ ಎಚ್ಚರವಾಯಿತು.

ವಾರದ ನಂತರ ಫೋನ್ ಬಂತು. “ಅಜ್ಜಾ, ಕಣ್ಣಾಮುಚ್ಚಾಲೆ. ನಾನು ಇಲ್ಲಿಂದ ಎಣಿಸುತ್ತೇನೆ, ನೀನು ಅಲ್ಲಿ ಅಡಗು.” ಆಗಲಿ ಎಂದೆ. ಒಂದು, ಎರಡು ಶುರುವಾಯಿತು. ಹೇಗೂ ಬೇಕಾದಷ್ಟು ಹೊತ್ತಿದೆ, ಇಪ್ಪತ್ತರ ಮನೆಯಲ್ಲಿ ನಾಲ್ಕು ಸುತ್ತು ಹಾಕುತ್ತಾನೆ ಎಂದು ಫೋನನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸುತ್ತ ಕುಳಿತೆ.

“ಇಪ್ಪತ್ತೆಂಟು, ಇಪ್ಪತ್ತೊಂಬತ್ತು...” ನಿಂತ. ಒಂದು ಗಳಿಗೆ ಯೋಚಿಸಿದ.

“ಮೂವತ್ತು! ಮೂವತ್ತೊಂದು, ಮೂವತ್ತೆರಡು...”

ನಾನಿನ್ನೂ ಕುರ್ಚಿಯಿಂದ ಎದ್ದೇ ಇರಲಿಲ್ಲ. ಹಿಂದಿನಿಂದ ಇವಳು ಹೇಳಿದಳು, “ಬೇಗ ಹೋಗಿ. ಮಂಚದ ಕೆಳಗೆ ಈಗಷ್ಟೇ ಗುಡಿಸಿದ್ದೇನೆ.”