ನಮ್ಮ ಹಿತ್ತಲಿನ ಗಂಡು ಹಾಸ್ಟೆಲ್

ಮನೆಗೆ ಬಂದ ನೆಂಟರು ಹಿತ್ತಲಿಗೊಂದು ಸುತ್ತು ಹೋಗಿ, ಐದು ಹುಂಜಗಳನ್ನು ನೋಡಿ ಬಂದು ಕೇಳುವ ಪ್ರಶ್ನೆ ಒಂದೇ: "ಮಸಾಲೆ ಅರೆಯುವುದು ಯಾವಾಗ?" ಕೋಳಿಯನ್ನು ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ನಿಜ. ಆದರೆ ಈ ಮನೆಯಲ್ಲಿ ನನ್ನನ್ನು ಕೇಳಿ ಅರೆಯಬೇಕು. ನಾನು ಸಸ್ಯಾಹಾರಿಯಲ್ಲ. ಸಂತೆಯಿಂದ ತಂದ ಕೋಳಿಯ ಸಾರಿಗೆ ಎರಡನೆಯ ಸಲವೂ ತಟ್ಟೆ ಒಡ್ಡುತ್ತೇನೆ. ಹೆಸರಿಟ್ಟ ಕೋಳಿ ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಇದರಲ್ಲಿ ತರ್ಕವೇ ಇಲ್ಲ ಎನ್ನುತ್ತಾರೆ ನಮ್ಮ ಮನೆಯವರು. ಇಲ್ಲದಿದ್ದರೆ ಬೇಡ.

ಐದು ಹುಂಜ ಬೇಕೆಂದು ನಾನೇನು ಹರಕೆ ಹೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ನಾಟಿ ಹೇಂಟೆಯೊಂದನ್ನು ಕಾವಿಗೆ ಕೂರಿಸಿದೆವು. 21 ದಿನಕ್ಕೆ ಒಂಬತ್ತು ಮರಿ. ಒಂದನ್ನು ಹದ್ದು ಒಯ್ದಿತು, ಉಳಿದ ಎಂಟರಲ್ಲಿ ಐದು ಗಂಡು. ಮಕ್ಕಳು ಹೆಸರಿಟ್ಟೇ ಬಿಟ್ಟರು: ಪಟೇಲ, ಕೆಂಚ, ಕರಿಯ, ಬಿಳಿಯ, ಗುಂಡ. ನಾಲ್ಕೂವರೆ ತಿಂಗಳವರೆಗೆ ಒಂದೇ ಬುಟ್ಟಿಯಡಿ ಮಲಗುತ್ತಿದ್ದ ಅಣ್ಣತಮ್ಮಂದಿರು, ದನಿ ಒಡೆದು ಕೂಗಲು ಕಲಿತ ವಾರದಲ್ಲೇ ದಾಯಾದಿಗಳಾದರು. ಅತ್ತೆಯ ತೀರ್ಪು ಮೊದಲೇ ಸಿದ್ಧವಿತ್ತು: "ಒಂದು ಹಿತ್ತಲಿಗೆ ಒಂದೇ ಹುಂಜ. ಉಳಿದದ್ದು ಮಾರಿಹಬ್ಬಕ್ಕೆ."

ಹುಂಜದ ಜಗಳವನ್ನು ಹತ್ತಿರದಿಂದ ನೋಡಿದ್ದೀರಾ? ಇಬ್ಬರೂ ಎದುರುಬದುರು ನಿಂತು ಕತ್ತಿನ ಗರಿಯನ್ನು ಛತ್ರಿಯಂತೆ ಬಿಚ್ಚುತ್ತಾರೆ. ಕೊಕ್ಕಿಗೆ ಕೊಕ್ಕು ತಾಗುವಷ್ಟು ಹತ್ತಿರ. ಆಮೇಲೆ ಒಬ್ಬ ಏನೂ ಆಗಿಲ್ಲವೆಂಬಂತೆ ನೆಲದಲ್ಲಿ ಇಲ್ಲದ ಕಾಳನ್ನು ಕುಕ್ಕುತ್ತಾನೆ. ಇನ್ನೊಬ್ಬನೂ ಕುಕ್ಕುತ್ತಾನೆ. ಕಣ್ಣು ಮಾತ್ರ ಎದುರಾಳಿಯ ಮೇಲೇ. ಇಷ್ಟಾದ ಮೇಲೆ ಒಂದೋ ಎರಡೋ ಹಾರಾಟ, ಕಾಲಿನ ಒದೆತ. ಸೋತವನು ತಲೆ ತಗ್ಗಿಸಿ ಬಚ್ಚಲಿನ ಹಿಂದೆ ಓಡುತ್ತಾನೆ. ಅಲ್ಲಿಗೆ ಮುಗಿಯಿತು. ಮೊದಮೊದಲು ನಾನು ಪೊರಕೆ ಹಿಡಿದು ನಡುವೆ ನುಗ್ಗುತ್ತಿದ್ದೆ. ಅದರಿಂದ ಆದದ್ದೇನು? ಹತ್ತು ನಿಮಿಷದಲ್ಲಿ ತೀರ್ಮಾನವಾಗಬೇಕಿದ್ದದ್ದು ಮೂರು ದಿನ ಎಳೆಯಿತು. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಒಂದು ಕ್ರಮವಿದೆ. ನಾರ್ವೆಯ ಪ್ರಾಣಿವಿಜ್ಞಾನಿ ಷೆಲ್ಡರುಪ್-ಎಬ್ಬೆ ಹುಡುಗನಾಗಿದ್ದಾಗಿಂದಲೇ ಕೋಳಿಗಳನ್ನು ಗಮನಿಸುತ್ತಾ ಬಂದು 1922ರಲ್ಲಿ ಅದನ್ನು ಪ್ರಕಟಿಸಿದ. ಆ ಕ್ರಮ ನಿಲ್ಲುವವರೆಗೆ ನಾವು ಪಂಚಾಯಿತಿ ಮಾಡಬಾರದು. ರಕ್ತ ಕಂಡರೆ ಮಾತ್ರ ತಡಮಾಡದೆ ಬೇರೆ ಮಾಡಬೇಕು. ಕೆಂಪು ಕಂಡ ಕಡೆಯೇ ಎಲ್ಲರೂ ಕುಕ್ಕುತ್ತಾರೆ.

ಬೇರೆ ಮಾಡುವುದರಲ್ಲೂ ನಾನು ಎಡವಿದ್ದೇನೆ. ಕೆಂಚನ ಜುಟ್ಟು ಹರಿದಾಗ ಅರಿಶಿನ ಹಚ್ಚಿ ಇಪ್ಪತ್ತು ದಿನ ಜಗುಲಿಯಲ್ಲಿ ಬುಟ್ಟಿಯಡಿ ಆರೈಕೆ ಮಾಡಿದೆ. ವಾಸಿಯಾಯಿತೆಂದು ಮಟಮಟ ಮಧ್ಯಾಹ್ನ ಹಿತ್ತಲಿಗೆ ಬಿಟ್ಟರೆ ನಾಲ್ವರೂ ಪರಊರಿನ ಕಳ್ಳ ಸಿಕ್ಕಿದಂತೆ ಮುಗಿಬಿದ್ದರು. ಅವು ಒಂದನ್ನೊಂದು ಗುರುತಿಸುವುದೇ ಮುಖ, ಜುಟ್ಟು ನೋಡಿ. ವಾರಗಟ್ಟಲೆ ಕಾಣದವನು, ಅದರಲ್ಲೂ ಜುಟ್ಟಿನ ಆಕಾರ ಕೆಟ್ಟವನು, ಅವಕ್ಕೆ ಹೊಸಬನೇ. ಈಗ ಗಾಯವಾದವನನ್ನು ಅಲ್ಲೇ ಜಾಲರಿಯ ಆಚೆ ಇಡುತ್ತೇನೆ. ಮುಟ್ಟಲಾಗದು, ಮರೆಯಲೂ ಆಗದು.

ಆದರೆ ನನ್ನ ಕಣ್ಣು ತೆರೆಸಿದ್ದು ಹುಂಜಗಳಲ್ಲ, ಹೇಂಟೆಗಳು. ಒಂದು ದಿನ ನುಚ್ಚು ಹಾಕುವಾಗ ನೋಡಿದೆ, ತಾಯಿಕೋಳಿಯ ಬೆನ್ನು ಬೋಳಾಗಿತ್ತು. ಗರಿ ಕಿತ್ತು ಚರ್ಮ ಕೆಂಪಗೆ ಕಾಣುತ್ತಿತ್ತು. ಇದ್ದ ಹೇಂಟೆಗಳೇ ಆರು, ಅವುಗಳ ಬೆನ್ನೇರಲು ಐದು ಹುಂಜ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇರಬೇಕೆಂಬುದು ಕೋಳಿ ಸಾಕುವವರ ಸಾಮಾನ್ಯ ಲೆಕ್ಕ. ಇಷ್ಟು ದಿನ ನಾನು ಗಂಡುಗಳ ಜಗಳ ಬಿಡಿಸುವುದರಲ್ಲೇ ಮುಳುಗಿದ್ದೆ. ಮೂಲೆಯಲ್ಲಿ ಸುಮ್ಮನೆ ನವೆಯುತ್ತಿದ್ದವರತ್ತ ನೋಡಿರಲೇ ಇಲ್ಲ. ಹುಂಜದ ಕೋಪ, ಹುಂಜದ ಜಾತಿ ಎಂದೆಲ್ಲ ನಾವು ಬೈಯುತ್ತೇವಲ್ಲ, ನನ್ನ ಹಿತ್ತಲಿನಲ್ಲಿ ತಪ್ಪಿದ್ದದ್ದು ನನ್ನ ಲೆಕ್ಕ.

ಹಾಗಾಗಿ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆ ಗಂಡು ಹಾಸ್ಟೆಲ್ ಆಯಿತು. ಸುತ್ತ ಅಡಿಕೆ ದಬ್ಬೆ, ಹೇಂಟೆಗಳ ಕಡೆಗೆ ಮುಖ ಮಾಡಿದ ಬದಿಗೆ ಸೋಗೆಯ ಮರೆ. ಒಳಗೆ ಎರಡು ಹಳೆಯ ಡ್ರಮ್ಮು, ಒಂದು ಮುರಿದ ಬೆಂಚು: ಬೆನ್ನಟ್ಟಿಸಿಕೊಂಡವನು ಕಣ್ಮರೆಯಾಗಲು ಜಾಗ ಬೇಕು. ಭತ್ತ, ನುಚ್ಚು, ನೀರು ಮೂರು ಕಡೆ. ಮೂರನೆಯ ದಿನದಿಂದ ಜಗಳ ಕತ್ತು ನಿಗುರಿಸುವುದಕ್ಕೆ ಇಳಿಯಿತು. ಹೇಂಟೆ ಕಣ್ಣಿಗೆ ಬೀಳದಿದ್ದರೆ ಒಟ್ಟಿಗೆ ಬೆಳೆದ ಹುಂಜಗಳಿಗೆ ಜಗಳವಾಡಲು ಹೆಚ್ಚಿನ ಕಾರಣವೇ ಇರುವುದಿಲ್ಲ. ಇದನ್ನು ಹೇಳಿದರೆ ಅತ್ತೆ ಕಿಸಕ್ಕನೆ ನಕ್ಕು, "ಮನುಷ್ಯರಲ್ಲೂ ಅಷ್ಟೆ" ಎಂದರು.

ಹೇಂಟೆಗಳ ಜೊತೆ ಉಳಿಸಿದ್ದು ಗುಂಡನನ್ನು. ಬಲಿಷ್ಠ ಪಟೇಲನೇ, ಆದರೆ ಹುಳು ಸಿಕ್ಕರೆ ಕುಕ್ ಕುಕ್ ಎಂದು ಕರೆದು ಹೇಂಟೆಗೆ ಬಿಟ್ಟುಕೊಡುವವನು ಗುಂಡ. ತಾಯಿಕೋಳಿಯ ಬೆನ್ನಿಗೆ ಈಗ ಹೊಸ ಗರಿ ಬಂದಿದೆ.

ಕೆಂಚನನ್ನು ಕೇಳಿಕೊಂಡು ಘಟ್ಟದ ಕೆಳಗಿನಿಂದ ಒಬ್ಬರು ಬಂದಿದ್ದರು, ಕೋಳಿ ಅಂಕಕ್ಕೆ, ಅಂದರೆ ಹುಂಜಗಳ ಕಾದಾಟಕ್ಕೆ. ಒಳ್ಳೆಯ ಬೆಲೆಯನ್ನೇ ಹೇಳಿದರು. ಬಣ್ಣ ನೋಡಿ, ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವ ಕುಕ್ಕುಟ ಪಂಚಾಂಗದ ಮಾತಾಡಿ, ಕೊನೆಗೆ "ಕಾದುವುದು ಅದರ ಸ್ವಭಾವವಲ್ಲವೇ ಅಕ್ಕಾ" ಎಂದರು. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಕಾಯ್ದೆಯಂತೆ ಅಪರಾಧ, ಅದಿರಲಿ. ಸ್ವಭಾವದ ಮಾತು ಬಂದರೆ, ಸೋತಾಗ ಓಡುವುದೂ ಅದರ ಸ್ವಭಾವವೇ. ಅಂಕದಲ್ಲಿ ಮಾಡುವಂತೆ ಕಾಲಿಗೆ ಬಾಳುಕತ್ತಿ ಕಟ್ಟಿದರೆ ಓಡಲು ಹೊತ್ತೇ ಸಿಗುವುದಿಲ್ಲ. ಇಲ್ಲಿ ನಾನು ಕಾಲುಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡುತ್ತೇನೆ, ತುದಿಯನ್ನಷ್ಟೇ. ಒಳಗೆ ಮೂಳೆ, ರಕ್ತ ಇದೆ. ಅವರಿಗೆ ಚಹಾ ಕೊಟ್ಟು ಕಳುಹಿಸಿದೆ.

ಕರಿಯ ಒಮ್ಮೆ ನನ್ನ ಮೀನಖಂಡಕ್ಕೇ ಒದ್ದ. ಒದೆಗೆ ಒದೆ ಕೊಟ್ಟರೆ ಅವನ ಪಾಲಿಗೆ ನಾನೂ ಒಂದು ಹುಂಜ. ಎತ್ತಿ ಕಂಕುಳಲ್ಲಿ ಅಮುಕಿಕೊಂಡು ಪಾತ್ರೆ ತೊಳೆಯುವಲ್ಲಿಯವರೆಗೆ ತಿರುಗಾಡಿಸಿದೆ. ನಾಲ್ಕೈದು ಸಲ ಹೀಗಾದ ಮೇಲೆ ಬಿಟ್ಟ. ಮಕ್ಕಳನ್ನು ಮಾತ್ರ ಅವನ ಬಳಿ ಒಂಟಿಯಾಗಿ ಬಿಡುವುದಿಲ್ಲ.

ಬೆಳಗಿನ ಕೂಗಿಗೂ ಸರದಿಯಿದೆ. ಗುಂಪಿನ ಮೇಲಿನವನೇ ಮೊದಲು ಕೂಗುತ್ತಾನೆ, ಉಳಿದವರು ತಮ್ಮ ಸ್ಥಾನದಂತೆ ಹಿಂದೆ ಎಂದು ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತೆಂದ ಅಜ್ಜಿಯ ಹಾಗೆ ನಾನೂ ದಿನಾ ಹಾಸಿಗೆಯಲ್ಲೇ ಹಾಜರಿ ಹಾಕುತ್ತೇನೆ: ಪಟೇಲ, ಕೆಂಚ, ಕರಿಯ, ಕೊನೆಗೆ ಬಿಳಿಯ. ಮೊನ್ನೆ ಮೊದಲ ಕೂಗು ಕೆಂಚನದು. ಎದ್ದು ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದೆ. ಮೇಲಿನ ಗಳದಲ್ಲಿ ಕೆಂಚ. ಪಟೇಲ ಕೆಳಗಿನದರಲ್ಲಿ ಬಿಳಿಯನ ಪಕ್ಕ ಕೂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಬೆಳಕು ಬಿದ್ದಾಗ ಒಮ್ಮೆ ಕಣ್ಣು ಮಿಟುಕಿಸಿ, ಕತ್ತನ್ನು ಮತ್ತೆ ಗರಿಯೊಳಗೆ ಹುದುಗಿಸಿಕೊಂಡ.